ವಿದ್ಯುಚ್ಚಾಪದಿಂದ ಲೋಹನಿರ್ಮಾಣ: ಬೆಸುಗೆಯ ವಿಧಾನವೂ ಲೋಹದ ಗುಣವೂ

ಸಕ್ಕರೆ ಕಾರ್ಖಾನೆಯ ಗಾಣವನ್ನು ಹತ್ತಿರದಿಂದ ಕಂಡವರಿಗೆ ಅಲ್ಲಿಯ ಬೆಸುಗೆಗಾರನ ಕೆಲಸವೂ ಪರಿಚಿತವೇ. ಬೆಳಗಾವಿ, ಬಾಗಲಕೋಟೆ, ಮಂಡ್ಯ ಜಿಲ್ಲೆಗಳ ಕಾರ್ಖಾನೆಗಳಲ್ಲಿ ಕಬ್ಬನ್ನು ಅರೆಯುವ ಎರಕದ ರೋಲರುಗಳ ಹಲ್ಲುಗಳು ಹಂಗಾಮು ಸಾಗಿದಂತೆ ಸವೆದು ನುಣುಪಾಗುತ್ತವೆ. ನುಣುಪಾದ ಹಲ್ಲಿಗೆ ಕಬ್ಬು ಸಿಕ್ಕದೆ ಜಾರುತ್ತದೆ. ಆಗ ಬೆಸುಗೆಗಾರನು ಕಡ್ಡಿಯನ್ನು ಹಿಡಿದು, ತಿರುಗುತ್ತಿರುವ ರೋಲರಿನ ಹಲ್ಲುಗಳ ಮೇಲೆಯೇ ಗಟ್ಟಿಲೋಹದ ಹನಿಗಳನ್ನು ಒಂದೊಂದಾಗಿ ಕೂರಿಸುತ್ತಾನೆ. ಗಾಣವು ಮತ್ತೆ ಕಬ್ಬನ್ನು ಹಿಡಿಯತೊಡಗುತ್ತದೆ. ಮಣ್ಣು ತೋಡುವ ಯಂತ್ರದ ಹಲ್ಲು, ಸವೆದ ದಂಡದ ತುದಿ, ಇವುಗಳನ್ನೂ ಊರಿನ ವೆಲ್ಡಿಂಗ್ ಅಂಗಡಿಗಳಲ್ಲಿ ಹೀಗೆಯೇ ತುಂಬಿ ಕೊಡುವುದುಂಟು. ಬೆಸುಗೆಯೆಂದರೆ ಎರಡು ತುಂಡುಗಳನ್ನು ಕೂಡಿಸುವುದು ಎಂಬ ಸಾಮಾನ್ಯ ತಿಳಿವಳಿಕೆಯಿಂದಾಚೆಗೆ, ಇಲ್ಲದ ಲೋಹವನ್ನು ಇದ್ದೆಡೆಗೆ ತಂದು ಸೇರಿಸುವ ಶಕ್ತಿಯೂ ಅದಕ್ಕಿದೆ ಎಂಬುದಕ್ಕೆ ಇವು ನಿತ್ಯದ ಸಾಕ್ಷಿಗಳು.

ಸವೆದ ಭಾಗವನ್ನು ಹೀಗೆ ತುಂಬಬಹುದಾದರೆ ಇಡೀ ವಸ್ತುವನ್ನೇ ಏಕೆ ಕಟ್ಟಬಾರದು? ಈ ಪ್ರಶ್ನೆ ಹೊಸದಲ್ಲ. ಅಮೆರಿಕದ ವೆಸ್ಟಿಂಗ್‌ಹೌಸ್ ಸಂಸ್ಥೆಯ ರಾಲ್ಫ್ ಬೇಕರ್ ಎಂಬಾತನು ೧೯೨೦ರಲ್ಲಿ ಅರ್ಜಿ ಸಲ್ಲಿಸಿ ೧೯೨೫ರಲ್ಲಿ ಪಡೆದ ಪೇಟೆಂಟು, ವಿದ್ಯುಚ್ಚಾಪದಿಂದ ಲೋಹದ ಹನಿಗಳನ್ನು ಸಾಲುಸಾಲಾಗಿ ಪೇರಿಸಿ ಅಲಂಕಾರದ ಪಾತ್ರೆಗಳನ್ನು ನಿರ್ಮಿಸುವ ಕ್ರಮವನ್ನು ವಿವರಿಸುತ್ತದೆ. ಆದರೆ ಕೈಯಿಂದ ನಡೆಯುವಷ್ಟು ಕಾಲ ಅದು ಕುತೂಹಲದ ವಸ್ತುವಾಗಿಯೇ ಉಳಿಯಿತು. ಸಾವಿರ ಸಾಲುಗಳನ್ನು ಕೂದಲೆಳೆ ತಪ್ಪದಂತೆ ಒಂದರ ಮೇಲೊಂದು ಇಡುವುದು ಮನುಷ್ಯನ ಕೈಗೆ ಅಳವಲ್ಲ. ವಸ್ತುವಿನ ರೂಪವನ್ನು ತೆಳುವಾದ ಅಡ್ಡಪದರಗಳಾಗಿ ಸೀಳಿ ತೋರಿಸಬಲ್ಲ ಕಂಪ್ಯೂಟರೂ, ತೋರಿಸಿದ ದಾರಿಯಲ್ಲಿ ದಣಿವಿಲ್ಲದೆ ನಡೆಯಬಲ್ಲ ಯಂತ್ರಬಾಹುವೂ ಬಂದ ಮೇಲೆ, ೧೯೯೦ರ ದಶಕದಿಂದೀಚೆಗೆ ಈ ವಿಚಾರವು ಗಂಭೀರವಾದ ಉತ್ಪಾದನಾ ವಿಧಾನವಾಗಿ ಬೆಳೆಯಿತು. ಇಂಗ್ಲೆಂಡಿನ ಕ್ರ್ಯಾನ್‌ಫೀಲ್ಡ್ ವಿಶ್ವವಿದ್ಯಾಲಯವು ಈ ಕ್ಷೇತ್ರದಲ್ಲಿ ಬಹುಕಾಲದಿಂದ ದುಡಿದ ಸಂಸ್ಥೆಗಳಲ್ಲೊಂದು. ವಾಯರ್ ಆರ್ಕ್ ಅಡಿಟಿವ್ ಮ್ಯಾನುಫ್ಯಾಕ್ಚರಿಂಗ್ ಎಂಬ ಉದ್ದನೆಯ ಹೆಸರಿನಿಂದ ಇದನ್ನು ಕರೆಯುತ್ತಾರೆ. ತಂತಿಯನ್ನು ವಿದ್ಯುಚ್ಚಾಪದಲ್ಲಿ ಕರಗಿಸಿ, ಪದರದ ಮೇಲೆ ಪದರವಿಟ್ಟು ಲೋಹದ ವಸ್ತುವನ್ನು ಕಟ್ಟುವುದು ಎಂದರೆ ಅರ್ಥವು ಸ್ಪಷ್ಟವಾದೀತು.

ಈ ವಿಧಾನಕ್ಕೆ ಇಷ್ಟು ಬೆಲೆ ಬಂದುದಕ್ಕೆ ಕಾರಣ ಮಿತವ್ಯಯ. ವಿಮಾನದ ಟೈಟೇನಿಯಂ ಭಾಗವೊಂದನ್ನು ಹಳೆಯ ಕ್ರಮದಲ್ಲಿ ಮಾಡಬೇಕಾದರೆ ದೊಡ್ಡ ಗಟ್ಟಿಯನ್ನು ತಂದು, ಬೇಡವಾದುದನ್ನೆಲ್ಲ ಕೆತ್ತಿ ತೆಗೆಯಬೇಕು. ಹತ್ತು ಕಿಲೋ ಕೊಂಡು ಒಂದು ಕಿಲೋವನ್ನು ಹಾರಿಸುವುದು ಅಲ್ಲಿ ಅಪರೂಪವಲ್ಲ; ಉಳಿದ ಒಂಬತ್ತು ಕಿಲೋ ಚೂರುಗಳಾಗಿ ಬುಟ್ಟಿಗೆ ಬೀಳುತ್ತದೆ. ಕಟ್ಟುವ ವಿಧಾನದಲ್ಲಾದರೋ ಬೇಕಾದಷ್ಟನ್ನೇ ಇಟ್ಟು, ಮೇಲ್ಮೈಯನ್ನು ತುಸು ಹೆರೆದರೆ ಸಾಕು. ಲೋಹದ ಹುಡಿಯನ್ನು ಲೇಸರ್ ಕಿರಣದಿಂದ ಕರಗಿಸಿ ಕಟ್ಟುವ ಮತ್ತೊಂದು ವಿಧಾನವೂ ಉಂಟು. ಇಸ್ರೋ ಸಂಸ್ಥೆಯು ೨೦೨೪ರ ಮೇ ತಿಂಗಳಲ್ಲಿ ಪರೀಕ್ಷಿಸಿದ ಪಿಎಸ್೪ ರಾಕೆಟ್ ಎಂಜಿನ್ನನ್ನು ಆ ವಿಧಾನದಿಂದ ನಿರ್ಮಿಸಲಾಗಿತ್ತು. ಹದಿನಾಲ್ಕು ಭಾಗಗಳು ಒಂದೇ ಆಗಿ, ಹತ್ತೊಂಬತ್ತು ಬೆಸುಗೆಗಳು ಇಲ್ಲವಾದುವು. ಸೂಕ್ಷ್ಮವಾದ ಸಣ್ಣ ಭಾಗಗಳಿಗೆ ಹುಡಿಯೇ ಯೋಗ್ಯ. ಆದರೆ ಮೀಟರುಗಟ್ಟಲೆ ಉದ್ದದ, ನೂರಾರು ಕಿಲೋ ತೂಕದ ವಸ್ತುವನ್ನು ಕಟ್ಟುವಾಗ ತಂತಿ ಮತ್ತು ಚಾಪಗಳಿಗೆ ಸಾಟಿಯಿಲ್ಲ. ತಂತಿಯೂ ಹುಡಿಗಿಂತ ಅಗ್ಗ. ಚಾಪದ ಯಂತ್ರವು ಲೇಸರಿಗಿಂತ ಬಹಳ ಅಗ್ಗ.

ಇಷ್ಟನ್ನು ಕೇಳಿದವರಿಗೆ, ಯಂತ್ರವು ರೂಪವನ್ನು ತಪ್ಪಿಲ್ಲದೆ ಕಟ್ಟಿದರೆ ಕೆಲಸ ಮುಗಿಯಿತು ಎಂಬ ಭಾವನೆ ಬರುವುದು ಸಹಜ. ಇಲ್ಲಿಯೇ ಎಚ್ಚರ ಬೇಕು. ಗಟ್ಟಿಯಿಂದ ಕೆತ್ತಿದ ವಸ್ತುವಿನಲ್ಲಿ ಲೋಹದ ಗುಣವು ಮೊದಲೇ ನಿಶ್ಚಿತವಾಗಿರುತ್ತದೆ: ಉಕ್ಕಿನ ಕಾರ್ಖಾನೆಯಲ್ಲಿ ಅದನ್ನು ಬಡಿದು, ಉರುಳಿಸಿ, ಕಾಯಿಸಿ, ಪರೀಕ್ಷಿಸಿ ಕಳುಹಿಸಿರುತ್ತಾರೆ. ಕೆತ್ತುವವನು ರೂಪವನ್ನು ಮಾತ್ರ ಬದಲಿಸುತ್ತಾನೆ. ಪದರದಿಂದ ಕಟ್ಟಿದ ವಸ್ತುವಿನಲ್ಲಿ ರೂಪವೂ ಲೋಹವೂ ಒಂದೇ ಕ್ಷಣದಲ್ಲಿ ಹುಟ್ಟುತ್ತವೆ. ಹನಿಯೊಂದು ಬಿದ್ದು ಹೆಪ್ಪುಗಟ್ಟುವ ಆ ಅಲ್ಪಕಾಲದಲ್ಲಿ ಅದರ ಬಲ, ಅದರ ಬಾಗುವ ಗುಣ, ಅದರ ದೋಷ ಎಲ್ಲವೂ ನಿರ್ಣಯವಾಗಿಬಿಡುತ್ತವೆ. ಒಂದೇ ತಂತಿಯಿಂದ, ಒಂದೇ ನಕ್ಷೆಯಂತೆ, ಎರಡು ಬೇರೆ ಬೆಸುಗೆಯ ವಿಧಾನಗಳಲ್ಲಿ ಕಟ್ಟಿದ ಎರಡು ಭಾಗಗಳು ಕಣ್ಣಿಗೆ ಒಂದೇ ಆಗಿ ಕಂಡರೂ ಒಳಗೆ ಎರಡು ಬೇರೆ ಲೋಹಗಳೇ ಆಗಿರಬಹುದು.

ಇದು ಹೇಗೆಂದು ತಿಳಿಯಬೇಕಾದರೆ ಶಾಖದ ಲೆಕ್ಕವನ್ನು ಮೊದಲು ನೋಡಬೇಕು. ಚಾಪದ ಶಾಖಕ್ಕೆ ಎರಡು ಕೆಲಸ. ತಂತಿಯನ್ನು ಕರಗಿಸುವುದು ಒಂದು; ಕೆಳಗಿನ ಪದರದ ಮೇಲ್ಭಾಗವನ್ನು ಕರಗಿಸಿ ಹೊಸ ಹನಿಯೊಡನೆ ಬೆರೆಯುವಂತೆ ಮಾಡುವುದು ಇನ್ನೊಂದು. ಈ ಎರಡನೆಯದಕ್ಕೆ ಬೇಕಾದುದಕ್ಕಿಂತ ಹೆಚ್ಚು ಬಂದ ಶಾಖವೆಲ್ಲ ವಸ್ತುವಿನೊಳಗೆ ಇಳಿದು ಉಳಿಯುತ್ತದೆ. ಪ್ರವಾಹ ೧೫೦ ಆಂಪಿಯರ್, ಒತ್ತಡ ೧೮ ವೋಲ್ಟ್ ಎಂದಿರಲಿ. ಗುಣಿಸಿದರೆ ೨,೭೦೦ ವ್ಯಾಟ್. ಇದರಲ್ಲಿ ಐದರಲ್ಲಿ ನಾಲ್ಕು ಪಾಲು ಲೋಹಕ್ಕೆ ಸೇರುತ್ತದೆಂದು ಹಿಡಿದರೆ ೨,೧೬೦ ವ್ಯಾಟ್. ಟಾರ್ಚು ಸೆಕೆಂಡಿಗೆ ೧೦ ಮಿಲಿಮೀಟರ್ ವೇಗದಲ್ಲಿ ಸಾಗುತ್ತಿದ್ದರೆ ಪ್ರತಿ ಮಿಲಿಮೀಟರು ಉದ್ದಕ್ಕೆ ೨೧೬ ಜೂಲ್ ಶಾಖ ದೊರೆಯಿತು. ವೇಗವು ಅರ್ಧಕ್ಕಿಳಿದರೆ ೪೩೨ ಜೂಲ್. ಪ್ರೌಢಶಾಲೆಯ ವಿದ್ಯಾರ್ಥಿಯೂ ಮಾಡಬಲ್ಲ ಈ ಗುಣಾಕಾರ ಭಾಗಾಕಾರಗಳೇ ಇಡೀ ವಿಷಯದ ತಳಹದಿ. ಆದರೆ ಶಾಖವೆಷ್ಟು ಎಂಬುದರಷ್ಟೇ, ಹನಿಯನ್ನು ಯಾವ ರೀತಿಯಲ್ಲಿ ಒಪ್ಪಿಸಲಾಯಿತು ಎಂಬುದೂ ಮುಖ್ಯ. ವಿಧಾನಗಳ ಭೇದವು ಅಲ್ಲಿಂದಲೇ ಆರಂಭವಾಗುತ್ತದೆ.

ಟಿಗ್ ಎಂದು ಕರೆಯುವ ವಿಧಾನದಲ್ಲಿ ಚಾಪವು ಕರಗದ ಟಂಗ್‌ಸ್ಟನ್ ಕಡ್ಡಿಯ ತುದಿಯಿಂದ ಹೊರಡುತ್ತದೆ. ತಂತಿಯನ್ನು ಪಕ್ಕದಿಂದ ಪ್ರತ್ಯೇಕವಾಗಿ ಉಣಿಸುತ್ತಾರೆ. ಶಾಖವೂ ಲೋಹವೂ ಬೇರೆ ಬೇರೆ ಕೈಗಳಲ್ಲಿರುವುದರಿಂದ ಒಂದನ್ನು ಹೆಚ್ಚಿಸದೆ ಇನ್ನೊಂದನ್ನು ಹೆಚ್ಚಿಸಬಹುದು. ಕೆಲಸ ಶುದ್ಧ, ಸಿಡಿತವಿಲ್ಲ. ಆದರೆ ನಿಧಾನ: ಗಂಟೆಗೆ ಒಂದೆರಡು ಕಿಲೋ ಲೋಹ ಬಿದ್ದರೆ ಹೆಚ್ಚು. ತಂತಿಯು ಪಕ್ಕದಿಂದ ಬರುವುದರಿಂದ ಟಾರ್ಚು ಮೂಲೆ ತಿರುಗಿದಾಗ ತಂತಿಯ ದಿಕ್ಕನ್ನೂ ತಿರುಗಿಸಬೇಕು, ಇಲ್ಲವಾದರೆ ಸಾಲಿನ ಆಕಾರ ಕೆಡುತ್ತದೆ. ಮಿಗ್ ವಿಧಾನದಲ್ಲಾದರೋ ತಂತಿಯೇ ಚಾಪದ ತುದಿ. ೧೯೪೮ರಲ್ಲಿ ಅಮೆರಿಕದ ಬ್ಯಾಟೆಲ್ ಸಂಸ್ಥೆಯಲ್ಲಿ ರೂಪುಗೊಂಡ ಈ ವಿಧಾನದಲ್ಲಿ ತಂತಿಯು ಟಾರ್ಚಿನ ನಡುವಿನಿಂದ ನೇರವಾಗಿ ಇಳಿಯುವುದರಿಂದ ಯಾವ ದಿಕ್ಕಿಗೆ ತಿರುಗಿದರೂ ಭೇದವಿಲ್ಲ, ಗಂಟೆಗೆ ಮೂರು ನಾಲ್ಕು ಕಿಲೋ ಲೋಹವೂ ಬೀಳುತ್ತದೆ. ಎರಡು ತಂತಿಗಳನ್ನು ಜೊತೆಯಾಗಿ ಉಣಿಸಿದರೆ ಆರೆಂಟು ಕಿಲೋವರೆಗೂ ಹೋಗುತ್ತದೆ. ಆದರೆ ಇಲ್ಲಿ ತಂತಿಯನ್ನು ಹೆಚ್ಚು ಉಣಿಸಬೇಕಾದರೆ ಪ್ರವಾಹವನ್ನೂ ಹೆಚ್ಚಿಸಲೇಬೇಕು. ವೇಗಕ್ಕೆ ಶಾಖವೇ ಬೆಲೆ. ಹನಿಯು ಚಾಪದಲ್ಲಿ ಸಿಡಿದು ಅಕ್ಕಪಕ್ಕದಲ್ಲಿ ಅಂಟಿಕೊಂಡರೆ, ಮುಂದಿನ ಪದರವು ಆ ಸಿಡಿಕಣವನ್ನು ನುಂಗಿ ಒಳಗೊಂದು ಬಿರುಕಿನ ಬೀಜವನ್ನು ಇಟ್ಟುಕೊಂಡಂತಾಗುತ್ತದೆ.

ಈ ತೊಡಕಿಗೆ ಆಸ್ಟ್ರಿಯಾದ ಫ್ರೋನಿಯಸ್ ಸಂಸ್ಥೆಯು ಈ ಶತಮಾನದ ಮೊದಲ ದಶಕದಲ್ಲಿ ಹೊರತಂದ ಸಿಎಂಟಿ ಎಂಬ ಮಾರ್ಪಾಡು ಚತುರವಾದ ಪರಿಹಾರ. ತಂತಿಯ ತುದಿಯ ಹನಿಯು ಕೆಳಗಿನ ದ್ರವಲೋಹವನ್ನು ಮುಟ್ಟಿದೊಡನೆ ಯಂತ್ರವು ಪ್ರವಾಹವನ್ನು ಬಹುಮಟ್ಟಿಗೆ ತಗ್ಗಿಸಿ, ತಂತಿಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಹನಿಯು ತಂತಿಯಿಂದ ಕಳಚಿ ಸದ್ದಿಲ್ಲದೆ ಕೆಳಗೆ ಉಳಿಯುತ್ತದೆ. ಈ ಮುಟ್ಟುವಿಕೆ, ಎಳೆಯುವಿಕೆಗಳು ಸೆಕೆಂಡಿಗೆ ಎಪ್ಪತ್ತರಷ್ಟು ಬಾರಿ ನಡೆಯುತ್ತವೆ. ಎಣ್ಣೆಯನ್ನು ಬಟ್ಟಲಿಗೆ ಸುರಿಯುವುದಕ್ಕೂ ಬೆರಳ ತುದಿಯಿಂದ ಮುಟ್ಟಿಸಿ ಇಡುವುದಕ್ಕೂ ಇರುವ ಅಂತರವೇ ಇಲ್ಲಿಯದು. ಸಿಡಿತವು ಹೆಚ್ಚುಕಡಿಮೆ ಇಲ್ಲವಾಗುತ್ತದೆ, ವಸ್ತುವಿಗೆ ಇಳಿಯುವ ಶಾಖವೂ ತಗ್ಗುತ್ತದೆ. ನಾಲ್ಕನೆಯದಾದ ಪ್ಲಾಸ್ಮಾ ವಿಧಾನವು ಟಿಗ್ಗಿನ ಸೋದರ. ಅಲ್ಲಿ ಚಾಪವನ್ನು ಸಣ್ಣ ರಂಧ್ರವೊಂದರ ಮೂಲಕ ಬಿಗಿದು ಹಾಯಿಸುವುದರಿಂದ ಅದು ಹರಡದೆ, ತೀಕ್ಷ್ಣವಾದ ಈಟಿಯಂತೆ ಒಂದೆಡೆ ನಿಲ್ಲುತ್ತದೆ.

ಕಡಿಮೆ ಶಾಖವೇ ಸದಾ ಒಳ್ಳೆಯದು ಎಂದು ಇದರಿಂದ ತೀರ್ಮಾನಿಸಲಾಗದು. ಈ ನಂಬಿಕೆ ಬೆಸುಗೆಯ ಶಾಲೆಗಳಲ್ಲಿಯೂ ಕೆಲವೊಮ್ಮೆ ಕಾಣುತ್ತದೆ, ಅದು ಅರ್ಧಸತ್ಯ. ಶಾಖ ಸಾಲದಿದ್ದರೆ ಕೆಳಗಿನ ಪದರವು ಕರಗುವುದೇ ಇಲ್ಲ. ಹೊಸ ಸಾಲು ಹಳೆಯದರ ಮೇಲೆ ಅಂಟಿದಂತೆ ಕೂರುತ್ತದೆಯೇ ಹೊರತು ಒಂದಾಗುವುದಿಲ್ಲ. ಹೊರಗೆ ನೋಡಿದರೆ ಗೋಡೆ ನೇರ, ಸಾಲು ಅಂದ. ಎಳೆದಾಗ ಪದರಗಳ ನಡುವೆಯೇ ಬಿಟ್ಟುಕೊಳ್ಳುತ್ತದೆ. ಇಂತಹ ಒಳಬಿರುಕು ಎಲ್ಲ ದೋಷಗಳಲ್ಲಿ ಅತ್ಯಂತ ಅಪಾಯಕಾರಿ.

ವಿಧಾನದ ಭೇದವು ಲೋಹದ ಗುಣವನ್ನು ಹೇಗೆ ಬದಲಿಸುತ್ತದೆಂಬುದಕ್ಕೆ ಅಲ್ಯೂಮಿನಿಯಂ ಅತ್ಯುತ್ತಮ ನಿದರ್ಶನ. ಈ ಲೋಹದ ಶತ್ರು ಜಲಜನಕ. ಕರಗಿದ ಅಲ್ಯೂಮಿನಿಯಂ ತನ್ನಲ್ಲಿ ಜಲಜನಕವನ್ನು ಧಾರಾಳವಾಗಿ ಹಿಡಿದುಕೊಳ್ಳುತ್ತದೆ. ಹೆಪ್ಪುಗಟ್ಟುವ ಹೊತ್ತಿಗೆ ಅದರ ಸುಮಾರು ಇಪ್ಪತ್ತರಲ್ಲೊಂದು ಪಾಲನ್ನು ಮಾತ್ರ ಇರಿಸಿಕೊಳ್ಳಬಲ್ಲದು. ಉಳಿದುದು ಹೊರಬರಲು ಹವಣಿಸಿ, ಸಮಯ ಸಾಲದೆ, ಗುಳ್ಳೆಗಳಾಗಿ ಅಲ್ಲಿಯೇ ಸಿಕ್ಕಿಕೊಳ್ಳುತ್ತದೆ. ಜಲಜನಕ ಬರುವುದು ಎಲ್ಲಿಂದ? ತಂತಿಯ ಮೇಲಿನ ಜಿಡ್ಡಿನಿಂದ, ತೇವದಿಂದ, ಲೋಹವನ್ನು ಹೊದ್ದ ಆಕ್ಸೈಡ್ ಪೊರೆಯು ಹೀರಿಕೊಂಡ ನೀರಿನಿಂದ. ಮಳೆಗಾಲದಲ್ಲಿ ತಂತಿಯ ಸುರುಳಿಯನ್ನು ಮುಚ್ಚದೆ ಬಿಟ್ಟರೆ ಅದರ ಫಲವು ಬೆಸುಗೆಯಲ್ಲಿ ತೋರುವುದು ಇದೇ ಕಾರಣದಿಂದ. ಕ್ರ್ಯಾನ್‌ಫೀಲ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಶೇಕಡಾ ೬.೩ ತಾಮ್ರವುಳ್ಳ ಅಲ್ಯೂಮಿನಿಯಂ ಮಿಶ್ರಲೋಹದ ತಂತಿಯನ್ನು ಹಿಡಿದು, ಸಿಎಂಟಿಯ ನಾಲ್ಕು ಬೇರೆ ಬೇರೆ ಬಗೆಗಳಲ್ಲಿ ಗೋಡೆಗಳನ್ನು ಕಟ್ಟಿ ಹೋಲಿಸಿದರು. ಅವರ ವರದಿಯು ೨೦೧೫ರಲ್ಲಿ ಪ್ರಕಟವಾಯಿತು. ಯಂತ್ರವೂ ಅದೇ, ತಂತಿಯೂ ಅದೇ. ಬದಲಾದುದು ಪ್ರವಾಹದ ಲಯ ಮಾತ್ರ. ಸಾಧಾರಣ ಸಿಎಂಟಿಯಲ್ಲಿ ಗುಳ್ಳೆಗಳು ತುಂಬಿದ್ದುವು. ಪ್ರವಾಹದ ಧನ ಋಣ ಧ್ರುವಗಳನ್ನು ಅದಲುಬದಲು ಮಾಡುತ್ತ, ನಡುನಡುವೆ ತೀವ್ರವಾದ ಮಿಡಿತವನ್ನು ಕೊಡುವ ಬಗೆಯಲ್ಲಿ ಗುಳ್ಳೆಗಳು ಬಹುತೇಕ ಮಾಯವಾದುವು.

ಇದರ ಮರ್ಮವನ್ನು ಬಿಡಿಸಿ ನೋಡುವುದು ಒಳ್ಳೆಯದು. ತಂತಿಯು ಋಣಧ್ರುವವಾಗಿದ್ದಾಗ ಶಾಖದ ಹೆಚ್ಚಿನ ಪಾಲು ತಂತಿಗೇ ಹೋಗುತ್ತದೆ, ವಸ್ತುವು ತಂಪಾಗಿರುತ್ತದೆ. ತಂತಿಯು ಧನಧ್ರುವವಾದೊಡನೆ ಚಾಪವು ಕೆಳಗಿನ ಲೋಹದ ಮೇಲಿನ ಆಕ್ಸೈಡ್ ಪೊರೆಯನ್ನು ಒಡೆದು ಗುಡಿಸಿಹಾಕುತ್ತದೆ. ಪೊರೆಯೊಡನೆ ಅದರ ತೇವವೂ ಹೋಯಿತು. ಮಿಡಿತದಿಂದ ಹನಿಯು ಕ್ರಮವಾಗಿ ಬೀಳುತ್ತದೆ, ಶಾಖವು ಕಡಿಮೆಯಾದುದರಿಂದ ಒಳಗಿನ ಹರಳುಗಳೂ ಸಣ್ಣವಾಗಿ, ಎಲ್ಲ ದಿಕ್ಕಿಗೂ ಸಮನಾಗಿ ಬೆಳೆಯುತ್ತವೆ. ಬೆಸುಗೆಯ ಯಂತ್ರದ ಮೇಲಿನ ಒಂದು ಗುಂಡಿಯನ್ನು ಒತ್ತುವುದರ ಹಿಂದೆ ಇಷ್ಟು ಅಡಗಿದೆ.

ಟೈಟೇನಿಯಂನ ಕಥೆ ಬೇರೆ. ಅಲ್ಯೂಮಿನಿಯಂಗೆ ಒಪ್ಪಿದ ಮಿಗ್ ಮತ್ತು ಅದರ ಮಾರ್ಪಾಡುಗಳು ಟೈಟೇನಿಯಂಗೆ ಒಪ್ಪುವುದಿಲ್ಲ. ಚಾಪದ ಬುಡವು ಈ ಲೋಹದ ಮೇಲೆ ಒಂದೆಡೆ ನಿಲ್ಲದೆ ಅಲೆದಾಡುತ್ತದೆ, ಸಾಲು ಸೊಟ್ಟಗಾಗಿ ಮೇಲ್ಮೈ ಒರಟಾಗುತ್ತದೆ. ಆದುದರಿಂದ ಟಿಗ್ ಅಥವಾ ಪ್ಲಾಸ್ಮಾ ವಿಧಾನಗಳೇ ಇಲ್ಲಿ ರೂಢಿ. ನಾರ್ವೆ ಮೂಲದ ನಾರ್ಸ್ಕ್ ಟೈಟೇನಿಯಂ ಸಂಸ್ಥೆಯು ಆರ್ಗಾನ್ ತುಂಬಿದ ಕೋಣೆಯೊಳಗೆ ಪ್ಲಾಸ್ಮಾ ಚಾಪದಿಂದ ಕಟ್ಟಿದ ಭಾಗಗಳು ಬೋಯಿಂಗ್ ೭೮೭ ವಿಮಾನಕ್ಕಾಗಿ ಅಮೆರಿಕದ ವಿಮಾನಯಾನ ಪ್ರಾಧಿಕಾರದ ಒಪ್ಪಿಗೆಯನ್ನು ೨೦೧೭ರಲ್ಲಿ ಪಡೆದುವು. ಆರ್ಗಾನಿನ ಕೋಣೆ ಏಕೆಂದರೆ, ಬಿಸಿಯಾದ ಟೈಟೇನಿಯಂ ಗಾಳಿಯ ಆಮ್ಲಜನಕವನ್ನೂ ಸಾರಜನಕವನ್ನೂ ಹೀರಿ ಪೆಡಸಾಗುತ್ತದೆ. ಟಾರ್ಚಿನಿಂದ ಬರುವ ಅನಿಲವು ಕರಗಿದ ಮಡುವನ್ನು ಮಾತ್ರ ಮುಚ್ಚುತ್ತದೆ. ಹಿಂದೆ ಉಳಿದ, ಹೆಪ್ಪುಗಟ್ಟಿದರೂ ಇನ್ನೂ ಕಾದಿರುವ ಸಾಲನ್ನು ಮುಚ್ಚುವವರಾರು? ಅದಕ್ಕಾಗಿಯೇ ಪ್ರತ್ಯೇಕ ಹೊದಿಕೆ ಬೇಕು. ಅನುಭವಿ ಬೆಸುಗೆಗಾರರು ಇದನ್ನು ಬಣ್ಣದಿಂದಲೇ ಅರಿಯುತ್ತಾರೆ. ಬೆಳ್ಳಿಯಂತೆ ಹೊಳೆದರೆ ಸರಿ, ಹುಲ್ಲಿನ ಹಳದಿಯಾದರೆ ಸಹ್ಯ, ನೀಲಿ ತೋರಿದರೆ ಸಂದೇಹ, ಬೂದಿಯಂತೆ ಬಿಳಿಚಿದರೆ ಆ ಭಾಗವನ್ನು ಎತ್ತಿಡಬೇಕಾದುದೇ.

ಹೀಗೆ ಕಟ್ಟಿದ ಟೈಟೇನಿಯಂನಲ್ಲಿ ಇನ್ನೊಂದು ವಿಚಿತ್ರವುಂಟು. ಹೊಸ ಪದರವು ಹೆಪ್ಪುಗಟ್ಟುವಾಗ ಹೊಸ ಹರಳುಗಳು ಹುಟ್ಟುವುದಿಲ್ಲ. ಕೆಳಗಿನ ಪದರದ ಹರಳುಗಳೇ ಮೇಲಕ್ಕೆ ಬೆಳೆಯುತ್ತವೆ. ಪದರದಿಂದ ಪದರಕ್ಕೆ ಹಾಯುತ್ತ, ಸೆಂಟಿಮೀಟರುಗಟ್ಟಲೆ ಎತ್ತರದ ಕಂಬಗಳಾಗಿ ಅವು ನಿಲ್ಲುತ್ತವೆ. ಕಬ್ಬಿನ ಗದ್ದೆಯಂತೆ ಎಲ್ಲವೂ ಒಂದೇ ದಿಕ್ಕಿಗೆ ನಿಂತ ಈ ಲೋಹವನ್ನು ಕಂಬಗಳ ಉದ್ದಕ್ಕೆ ಎಳೆದರೆ ಒಂದು ಗುಣ, ಅಡ್ಡಕ್ಕೆ ಎಳೆದರೆ ಇನ್ನೊಂದು ಗುಣ. ಕ್ರ್ಯಾನ್‌ಫೀಲ್ಡಿನವರು ಇದಕ್ಕೆ ಕಂಡುಕೊಂಡ ಉಪಾಯವು ಕಮ್ಮಾರಸಾಲೆಗೆ ಹತ್ತಿರವಾದುದು. ಪ್ರತಿ ಪದರವು ತಣಿದ ಮೇಲೆ ಅದರ ಮೇಲೆ ಉರುಳೆಯೊಂದನ್ನು ಹಲವು ಟನ್ನುಗಳ ಭಾರದಿಂದ ಹಾಯಿಸಿ ಅದುಮುತ್ತಾರೆ. ಅದುಮಿದ ಲೋಹವು ಮುಂದಿನ ಪದರದ ಶಾಖದಿಂದ ಮತ್ತೆ ಕಾದಾಗ ಒಳಗೆ ಹೊಸ ಹರಳುಗಳು ಹುಟ್ಟುತ್ತವೆ. ಸೆಂಟಿಮೀಟರಿನ ಕಂಬಗಳಿದ್ದೆಡೆ ಮಿಲಿಮೀಟರಿನ ಹತ್ತನೆಯ ಒಂದು ಪಾಲಿನಷ್ಟು ಸಣ್ಣ ಹರಳುಗಳು ಎಲ್ಲ ದಿಕ್ಕಿಗೂ ತುಂಬುತ್ತವೆ. ಕಾಯಿಸಿ ಬಡಿಯುವುದರಿಂದ ಲೋಹ ಗಟ್ಟಿಯಾಗುತ್ತದೆಂದು ಕಮ್ಮಾರನಿಗೆ ತಿಳಿದಿದ್ದ ವಿಷಯವೇ ಇಲ್ಲಿ ಮರಳಿ ಬಂದಿತು.

ದಿಕ್ಕಿಗೊಂದು ಗುಣವೆಂಬ ಈ ಸಂಗತಿಯು ಪ್ರಯೋಗಶಾಲೆಯ ಕುತೂಹಲ ಮಾತ್ರವಲ್ಲ. ಜನರು ನಡೆದಾಡಿದ ಸೇತುವೆಯೊಂದರಲ್ಲಿ ಅದನ್ನು ಲೆಕ್ಕಕ್ಕೆ ಹಿಡಿಯಬೇಕಾಯಿತು. ನೆದರ್ಲೆಂಡ್ಸಿನ ಆಮ್‌ಸ್ಟರ್‌ಡ್ಯಾಮ್ ನಗರದಲ್ಲಿ ಎಂಎಕ್ಸ್೩ಡಿ ಎಂಬ ಸಂಸ್ಥೆಯು ಸ್ಟೇನ್‌ಲೆಸ್ ಉಕ್ಕಿನ ತಂತಿಯಿಂದ ಸುಮಾರು ೧೨ ಮೀಟರ್ ಉದ್ದದ ಕಾಲುಸೇತುವೆಯೊಂದನ್ನು ಮಿಗ್ ವಿಧಾನದಲ್ಲಿ ಕಟ್ಟಿತು. ೨೦೨೧ರ ಜುಲೈ ತಿಂಗಳಲ್ಲಿ ಅಲ್ಲಿಯ ರಾಣಿ ಮ್ಯಾಕ್ಸಿಮಾ ಅದನ್ನು ಉದ್ಘಾಟಿಸಿದರು. ಎರಡು ವರ್ಷಗಳ ತಾತ್ಕಾಲಿಕ ಅನುಮತಿಯ ಮೇಲೆ ನಗರದ ಹಳೆಯ ಕಾಲುವೆಯೊಂದರ ಮೇಲೆ ಅದನ್ನು ಇರಿಸಲಾಗಿತ್ತು. ಉದ್ಘಾಟನೆಗೆ ಮುನ್ನ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ವಿದ್ವಾಂಸರು ಅದೇ ಲೋಹದ ತುಂಡುಗಳನ್ನು ಪದರಗಳ ಉದ್ದಕ್ಕೆ, ಅಡ್ಡಕ್ಕೆ ಮತ್ತು ೪೫ ಡಿಗ್ರಿ ಓರೆಗೆ ಕತ್ತರಿಸಿ ಎಳೆದು ನೋಡಿದರು. ಸಾಮಾನ್ಯ ಸ್ಟೇನ್‌ಲೆಸ್ ಉಕ್ಕಿನ ಸ್ಥಿತಿಸ್ಥಾಪಕತೆಯ ಮಾನವು ಯಾವ ದಿಕ್ಕಿಗೆ ಎಳೆದರೂ ೨೦೦ ಗಿಗಾಪ್ಯಾಸ್ಕಲ್‌ನ ಆಸುಪಾಸು. ಇಲ್ಲಿಯಾದರೋ ಉದ್ದಕ್ಕೂ ಅಡ್ಡಕ್ಕೂ ಸುಮಾರು ೧೪೦, ಓರೆಗೆ ಸುಮಾರು ೨೨೦! ಕಬ್ಬಿಣದ ಹರಳು ತನ್ನ ಅಂಚಿನ ದಿಕ್ಕಿಗೆ ಮೆದು, ಕರ್ಣದ ದಿಕ್ಕಿಗೆ ಗಡುಸು. ಹರಳುಗಳೆಲ್ಲ ಅಂಚನ್ನು ಮೇಲ್ಮುಖವಾಗಿ ಮಾಡಿ ಒಂದೇ ಕ್ರಮದಲ್ಲಿ ಬೆಳೆದುದರ ಫಲವಿದು. ಎಂಜಿನಿಯರನು ಪುಸ್ತಕದಲ್ಲಿರುವ ೨೦೦ ಎಂಬ ಅಂಕಿಯನ್ನೇ ನಂಬಿ ಸೇತುವೆಯ ಬಾಗುವಿಕೆಯನ್ನು ಗಣಿಸಿದ್ದರೆ ಅದು ಲೆಕ್ಕಕ್ಕಿಂತ ಹೆಚ್ಚು ಬಾಗುತ್ತಿತ್ತು. ಇಡೀ ಸೇತುವೆಯ ಮೇಲೆ ಭಾರವಿಟ್ಟು ಪರೀಕ್ಷಿಸಿದ ಮೇಲೆಯೇ, ಮೈಗೆಲ್ಲ ಸಂವೇದಕಗಳನ್ನು ಅಳವಡಿಸಿ, ಜನರನ್ನು ಬಿಟ್ಟರು.

ವಿಧಾನವನ್ನು ಸರಿಯಾಗಿ ಆರಿಸಿದ ಮೇಲೂ ಮುಗಿಯದ ತೊಡಕೊಂದಿದೆ. ಮೊದಲ ಪದರವು ದಪ್ಪನೆಯ ತಣ್ಣನೆಯ ಅಡಿಹಲಗೆಯ ಮೇಲೆ ಬೀಳುತ್ತದೆ. ಶಾಖವು ನಾಲ್ಕೂ ಕಡೆಗೆ ಓಡಿಹೋಗುತ್ತದೆ. ಐವತ್ತನೆಯ ಪದರದ ಶಾಖಕ್ಕೆ ತೆಳುಗೋಡೆಯೊಳಗೆ ಕೆಳಕ್ಕೆ ಇಳಿಯುವುದೊಂದೇ ದಾರಿ. ಹೀಗಾಗಿ ಯಂತ್ರದ ಅಂಕಿಗಳು ಬದಲಾಗದಿದ್ದರೂ ಮೇಲಿನ ಸಾಲುಗಳು ಅಗಲವಾಗಿ, ಕುಳ್ಳಾಗಿ, ದೊರಗಾದ ಹರಳಿನವಾಗುತ್ತವೆ. ಪದರಕ್ಕೂ ಪದರಕ್ಕೂ ನಡುವೆ ಕಾಯಬೇಕು. ಉಕ್ಕಿನ ಕೆಲಸದಲ್ಲಿ ಕೆಳಗಿನ ಪದರವು ೧೫೦ ಡಿಗ್ರಿಯ ಆಸುಪಾಸಿಗೆ ಇಳಿಯಲೆಂದು ಕಾಯುವ ರೂಢಿಯುಂಟು. ಕಾಯುವುದೆಂದರೆ ಹೊತ್ತು, ಹೊತ್ತೆಂದರೆ ಹಣ. ಅವಸರದ ಮಾಲೀಕನಿಗೂ ಎಚ್ಚರದ ಕೆಲಸಗಾರನಿಗೂ ವಾಗ್ವಾದ ಹುಟ್ಟುವುದು ಇಲ್ಲಿಯೇ. ಸಾಲು ಆರಂಭವಾಗುವೆಡೆ ಉಬ್ಬು, ಮುಗಿಯುವೆಡೆ ತಗ್ಗು ಉಂಟಾಗುವುದೂ ಇನ್ನೊಂದು ಸಣ್ಣ ಕಾಟ. ಒಂದು ಪದರವನ್ನು ಎಡದಿಂದ, ಮುಂದಿನದನ್ನು ಬಲದಿಂದ ಆರಂಭಿಸಿ ಅದನ್ನು ಸರಿದೂಗಿಸುತ್ತಾರೆ.

ತಣಿಯುವ ಲೋಹವು ಕುಗ್ಗುವುದರಿಂದಾಗುವ ಹಾನಿ ಇದಕ್ಕಿಂತ ದೊಡ್ಡದು. ಒಂದು ಮೀಟರ್ ಉದ್ದದ ಉಕ್ಕಿನ ಸಾಲು ಸಾವಿರ ಡಿಗ್ರಿಯಷ್ಟು ತಣಿದರೆ ಸ್ವತಂತ್ರವಾಗಿದ್ದಲ್ಲಿ ಸುಮಾರು ೧೨ ಮಿಲಿಮೀಟರ್ ಕುಗ್ಗುತ್ತಿತ್ತು. ಆದರೆ ಅದು ಸ್ವತಂತ್ರವಲ್ಲ. ಕೆಳಗಿನ ಲೋಹಕ್ಕೆ ಬೆಸೆದುಕೊಂಡಿದೆ. ಕುಗ್ಗಲಾರದೆ ಉಳಿದ ಆ ಸೆಳೆತವು ಲೋಹದೊಳಗೆ ಬಿಗಿದ ಬಿಲ್ಲಿನಂತೆ ಅಡಗಿರುತ್ತದೆ. ಕಟ್ಟಿ ಮುಗಿಸಿ ಹಿಡಿಕೆಗಳನ್ನು ಸಡಿಲಿಸಿದೊಡನೆ ಅಡಿಹಲಗೆಯ ತುದಿಗಳು ಮೇಲಕ್ಕೇಳುತ್ತವೆ. ಕೆಲವೊಮ್ಮೆ ಕಟ್ಟುತ್ತಿರುವಾಗಲೇ ಬಿರುಕು ಬಿಡುತ್ತದೆ. ಹಲಗೆಯ ಎರಡು ಮುಖಗಳಲ್ಲಿಯೂ ಪದರಗಳನ್ನು ಪರ್ಯಾಯವಾಗಿ ಇಟ್ಟು ಒಂದರ ಸೆಳೆತವನ್ನು ಇನ್ನೊಂದರಿಂದ ತೂಗಿಸುವುದು, ಮುಗಿದ ಮೇಲೆ ಕುಲುಮೆಯಲ್ಲಿ ಕಾಯಿಸಿ ನಿಧಾನವಾಗಿ ತಣಿಸುವುದು, ಮೇಲೆ ಹೇಳಿದ ಉರುಳೆಯಿಂದ ಅದುಮುವುದು, ಇವು ಪರಿಹಾರಗಳು. ಸಿಎಂಟಿಯಂತಹ ಕಡಿಮೆ ಶಾಖದ ವಿಧಾನಗಳಲ್ಲಿ ಈ ಬಾಧೆ ತಗ್ಗುತ್ತದೆಯೇ ವಿನಾ ಇಲ್ಲವಾಗುವುದಿಲ್ಲ.

ಇಂತಹ ಭಾಗವೊಂದನ್ನು ಹಡಗಿಗೋ ವಿಮಾನಕ್ಕೋ ಜೋಡಿಸಬೇಕಾದಾಗ, ಇದು ಮುರಿಯುವುದಿಲ್ಲ ಎಂದು ಸಹಿ ಹಾಕುವವರು ಯಾರು, ಯಾವ ಆಧಾರದ ಮೇಲೆ, ಎಂಬ ಪ್ರಶ್ನೆ ಏಳುತ್ತದೆ. ರಾಟರ್‌ಡ್ಯಾಮ್ ಬಂದರಿನ ರ‍್ಯಾಮ್‌ಲ್ಯಾಬ್ ಎಂಬ ಪ್ರಯೋಗಾಲಯವು ಡಾಮೆನ್ ಹಡಗು ಸಂಸ್ಥೆಯೊಡಗೂಡಿ ೨೦೧೭ರಲ್ಲಿ ಹಡಗಿನ ಪ್ರೊಪೆಲ್ಲರನ್ನು ಕಟ್ಟಿದಾಗ ಈ ಪ್ರಶ್ನೆಗೆ ಉತ್ತರ ಕೊಡಬೇಕಾಯಿತು. ನಿಕ್ಕಲ್ ಮತ್ತು ಅಲ್ಯೂಮಿನಿಯಂ ಬೆರೆತ ಕಂಚಿನ ತಂತಿ, ಸುಮಾರು ೧.೩೫ ಮೀಟರ್ ವ್ಯಾಸ, ಮೂರು ಅಲಗು, ಮುನ್ನೂರರ ಸಮೀಪದ ಪದರಗಳು. ಮೊದಲು ಕಟ್ಟಿದ ಪ್ರೊಪೆಲ್ಲರನ್ನು ಹಡಗಿಗೆ ಹಾಕಲಿಲ್ಲ. ಲೋಹವನ್ನು ಅರಿಯಲೆಂದೇ ಅದನ್ನು ಮೀಸಲಿಟ್ಟರು. ಅದರಿಂದ ಕಲಿತು ಎರಡನೆಯದನ್ನು ಕಟ್ಟಿದರು. ಹಡಗುಗಳ ಸುರಕ್ಷತೆಯನ್ನು ಪ್ರಮಾಣೀಕರಿಸುವ ಬ್ಯೂರೋ ವೆರಿಟಾಸ್ ಸಂಸ್ಥೆಯು ಅದನ್ನು ಪರಿಶೀಲಿಸಿತು. ಅನಂತರ ಎಳೆದೋಣಿಯೊಂದಕ್ಕೆ ಜೋಡಿಸಿ, ಪೂರ್ಣ ಬಲದಿಂದ ಎಳೆಯಿಸಿ, ಪೂರ್ಣ ವೇಗದಿಂದ ಥಟ್ಟನೆ ಹಿಂದಕ್ಕೆ ತಿರುಗಿಸಿ ನಿಲ್ಲಿಸಿ ನೋಡಿದರು. ಆಮೇಲೆಯೇ ಪ್ರಮಾಣಪತ್ರ.

ಎರಕದ ಪ್ರೊಪೆಲ್ಲರಿಗಾದರೆ ಎರಕದ ದ್ರವದಿಂದಲೇ ತೆಗೆದ ಒಂದೆರಡು ಮಾದರಿಗಳನ್ನು ಪರೀಕ್ಷಿಸಿ ಒಪ್ಪಿಗೆ ಕೊಡುವುದು ವಾಡಿಕೆ. ಇಡೀ ದ್ರವ ಒಂದೇ ಎಂಬ ನಂಬಿಕೆ ಅದಕ್ಕೆ ಆಧಾರ. ಪದರದಿಂದ ಕಟ್ಟಿದುದರಲ್ಲಿ ಆ ನಂಬಿಕೆಗೆ ಎಡೆಯಿಲ್ಲ. ಇಲ್ಲಿ ಪ್ರತಿ ಪದರವೂ ಒಂದೊಂದು ಎರಕ. ಅದಕ್ಕಾಗಿ ಮಾದರಿಗಳನ್ನು ಬುಡದಿಂದಲೂ ತುದಿಯಿಂದಲೂ, ಉದ್ದಕ್ಕೂ ಅಡ್ಡಕ್ಕೂ ಕತ್ತರಿಸಿ ಎಳೆಯುತ್ತಾರೆ. ತುದಿಯ ಪದರದ ಮೇಲೆ ಮತ್ತೊಂದು ಪದರದ ಶಾಖ ಹಾಯ್ದಿಲ್ಲವಾಗಿ ಅದರ ಗಡಸುತನವೇ ಬೇರೆಯಾಗಿರಬಹುದು. ಒಳಗಿನ ಗುಳ್ಳೆ ಬಿರುಕುಗಳನ್ನು ಕ್ಷಕಿರಣದಿಂದಲೂ ಶ್ರವಣಾತೀತ ಧ್ವನಿಯಿಂದಲೂ ಹುಡುಕುತ್ತಾರೆ. ಇಷ್ಟರ ಜೊತೆಗೆ, ಕಟ್ಟುವಾಗಲೇ ಪ್ರತಿ ಕ್ಷಣದ ಪ್ರವಾಹ, ವೋಲ್ಟ್, ತಂತಿಯ ವೇಗ, ಅನಿಲದ ಹರಿವು, ಪದರಗಳ ನಡುವಿನ ಉಷ್ಣತೆ, ಇವನ್ನೆಲ್ಲ ಯಂತ್ರವು ದಾಖಲಿಸಿಕೊಳ್ಳುತ್ತ ಹೋಗುತ್ತದೆ. ನೂರಿಪ್ಪತ್ತನೆಯ ಪದರದಲ್ಲಿ ಚಾಪವು ಅರೆಕ್ಷಣ ತಡವರಿಸಿದ್ದರೆ ಆ ತಡವರಿಕೆಯು ಅಲ್ಲಿ ಬರೆಯಲ್ಪಟ್ಟಿರುತ್ತದೆ. ಪರೀಕ್ಷಕನು ಮೊದಲು ನೋಡುವುದೂ ಆ ಸ್ಥಳವನ್ನೇ.